ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ, ಕೋಬೆಯ ಮಿಚಿಯೊ

ಮುಂಡಗೋಡ ತಾಲೂಕಿನ ಮಳಗಿಯ ಹತ್ತಿರ ಧರ್ಮಾ ನದಿಗೆ ಅಡ್ಡ ಕಟ್ಟಿದ ಜಲಾಶಯದ ನೀರು ಬಹುಪಾಲು ಹರಿಯುವುದು ಪಕ್ಕದ ಹಾನಗಲ್ ತಾಲೂಕಿನ ಗದ್ದೆಗಳಿಗೆ. ಕಾಗದದ ಮೇಲೆ ಮುಂಡಗೋಡ ಉತ್ತರ ಕನ್ನಡಕ್ಕೆ ಸೇರಿದೆ, ಹಾನಗಲ್ಲು ಹಿಂದೆ ಧಾರವಾಡ ಜಿಲ್ಲೆಯಲ್ಲಿತ್ತು, ಈಗ ಹಾವೇರಿಗೆ ಸೇರಿದೆ. ಆದರೆ ಸಂತೆ, ಬೀಗತನ, ಜಾತ್ರೆ, ಮಠದ ನಡಾವಳಿ ಯಾವುದೂ ಈ ಗಡಿಯನ್ನು ಕೇಳಿ ನಡೆದದ್ದಲ್ಲ. ಕಾಡು ಮುಗಿದು ಬಯಲು ಸುರುವಾಗುವ ಈ ಸೆರಗಿನ ಊರುಗಳು ಹಿಂದುಸ್ತಾನಿ ಸಂಗೀತದ ಚರಿತ್ರೆಯಲ್ಲಿ ಬರುವುದು ಅಪರೂಪ. ಹಾನಗಲ್ಲಿನ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದ ಗಂಗೂಬಾಯಿ ಕೂಡ 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹಾನಗಲ್ಲಿನ ಮಣ್ಣಲ್ಲೇ ಹುಟ್ಟಿ, ನಾಡಿನ ಸಂಗೀತದ ದಾರಿಯನ್ನೇ ತಿರುಗಿಸಿದ ಮನುಷ್ಯ ಬೇರೊಬ್ಬರು. ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರ ಫೆಬ್ರವರಿ 2ರಂದು ಹುಟ್ಟಿದ ಆ ಕೂಸಿಗೆ ಗದಿಗೆಯ್ಯ ಎಂದು ಹೆಸರಿಟ್ಟರು. ಕೂಸಿಗೆ ಕಣ್ಣು ಕಾಣುತ್ತಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಕಾಣುತ್ತಿರಲಿಲ್ಲ. ಲೋಕ ಮುಂದೆ ಗದಿಗೆಯ್ಯನನ್ನು ಪಂಚಾಕ್ಷರಿ ಗವಾಯಿ ಎಂದು ಕರೆಯಿತು.

ಇದಾಗಿ ಎರಡು ವರ್ಷಕ್ಕೆ, 1894ರ ಏಪ್ರಿಲ್ 7ರಂದು, ಜಪಾನಿನ ಕೋಬೆ ಬಂದರಿನಲ್ಲಿ ಮಿಚಿಯೊ ಎಂಬ ಹುಡುಗ ಹುಟ್ಟಿದ. ಎಳವೆಯಿಂದಲೇ ಕಣ್ಣಿನ ಬೇನೆ. ಏಳೆಂಟು ವರ್ಷದ ಹೊತ್ತಿಗೆ ಬೆಳಕೇ ಹೋಯಿತು. ಇವನೇ ಮುಂದೆ ಮಿಯಾಗಿ ಮಿಚಿಯೊ, ಇಪ್ಪತ್ತನೆಯ ಶತಮಾನದ ಜಪಾನಿನ ಶಾಸ್ತ್ರೀಯ ಸಂಗೀತಗಾರರಲ್ಲಿ ಅತ್ಯಂತ ದೊಡ್ಡ ಹೆಸರು. ಗವಾಯಿಗಳಿಗೂ ಇವನಿಗೂ ಭೇಟಿಯಿಲ್ಲ, ಪರಿಚಯವಿಲ್ಲ. ಆದರೂ ಇಬ್ಬರ ಬದುಕನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಗವಾಯಿಗಳು ಮಾಡಿದ ಕೆಲಸದ ಅಳತೆ ನಮಗೆ ಸಿಗುತ್ತದೆ ಎಂಬುದು ನನ್ನ ನಂಬಿಕೆ. ನಾವು ಅವರನ್ನು ಪವಾಡಪುರುಷರನ್ನಾಗಿ ಮಾಡಿ ಕೈಮುಗಿಯುತ್ತೇವೆ. ಅವರು ಕಟ್ಟಿದ್ದು ಒಂದು ವ್ಯವಸ್ಥೆ ಎಂಬುದನ್ನು ಮರೆಯುತ್ತೇವೆ.

ಜಪಾನಿನಲ್ಲಿ ಕಣ್ಣಿಲ್ಲದವರಿಗೂ ಸಂಗೀತಕ್ಕೂ ಇದ್ದ ನಂಟು ಬಹಳ ಹಳೆಯದು. ಹೆಯಿಕೆ ವಂಶದ ಏಳುಬೀಳಿನ ಕಥೆಯನ್ನು ಬಿವಾ ಎಂಬ ತಂತಿವಾದ್ಯ ನುಡಿಸುತ್ತ ಊರೂರು ಹಾಡಿಕೊಂಡು ಹೋಗುತ್ತಿದ್ದವರು ಅಂಧ ಗಾಯಕರು. ಹದಿನಾಲ್ಕನೆಯ ಶತಮಾನದಲ್ಲಿ ಕಾಕುಇಚಿ ಎಂಬ ಅಂಧ ಗುರು ಈ ಕಥೆಯ ಪಾಠವನ್ನು ಬರೆಯಿಸಿ ಗಟ್ಟಿ ಮಾಡಿದ. ಅವನ ಕಾಲದಲ್ಲೇ ತೋದೋ ಎಂಬ ಅಂಧರ ಸಂಘ ರೂಪುಗೊಂಡಿತು. ಆ ಸಂಘದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪದವಿಗಳು, ಎಲ್ಲಕ್ಕೂ ಮೇಲೆ ಕೆಂಗ್ಯೊ. ಕೋತೊ ವಾದನಕ್ಕೆ ಇಂದಿನ ರೂಪ ಕೊಟ್ಟ ಹದಿನೇಳನೆಯ ಶತಮಾನದ ಯಾತ್ಸುಹಾಶಿ ಅಂಥ ಕೆಂಗ್ಯೊ. ತೋಕುಗಾವಾ ಆಳ್ವಿಕೆಯ ಉದ್ದಕ್ಕೂ ಸರ್ಕಾರದ ರಕ್ಷಣೆ ಈ ಸಂಘಕ್ಕಿತ್ತು. ಸಂಗೀತ, ಅಂಗಮರ್ದನ, ಸೂಜಿಚಿಕಿತ್ಸೆ, ಸಾಲ ಕೊಡುವ ಹಕ್ಕು ಇವೆಲ್ಲ ಅದರ ಕೈಯಲ್ಲಿದ್ದವು. ದುಡ್ಡಿದ್ದವರು ಪದವಿಯನ್ನು ಕೊಂಡುಕೊಳ್ಳುತ್ತಿದ್ದರು, ಕೆಳಗಿನವರು ಹಿಂಡಿಹೋಗುತ್ತಿದ್ದರು ಎಂಬುದೂ ನಿಜ. ಆದರೂ ಕಣ್ಣಿಲ್ಲದ ಹುಡುಗನೊಬ್ಬ ಹುಟ್ಟಿದರೆ ಅವನಿಗೊಂದು ಕಸುಬು, ಒಬ್ಬ ಗುರು, ಸಮಾಜದಲ್ಲೊಂದು ಜಾಗ ಅಲ್ಲಿ ಮೊದಲೇ ತಯಾರಿತ್ತು. 1871ರಲ್ಲಿ ಮೇಯಿಜಿ ಸರ್ಕಾರ ಒಂದೇ ಆಜ್ಞೆಯಿಂದ ಸಂಘವನ್ನು ರದ್ದು ಮಾಡಿತು. ಐದು ಶತಮಾನದ ನೆರಳು ಹೋಯಿತು. ಮಿಚಿಯೊ ಹುಟ್ಟಿದ್ದು ಆ ನೆರಳು ಹೋದ ಮೇಲೆ.

ನಮ್ಮಲ್ಲಿ ಹೋಗುವುದಕ್ಕೆ ನೆರಳೇ ಇರಲಿಲ್ಲ. ಕಣ್ಣಿಲ್ಲದ ಮಗು ಮನೆಯವರ ಪಾಲಿಗೆ ಹಿಂದಿನ ಜನ್ಮದ ಕರ್ಮ, ಊರವರ ಪಾಲಿಗೆ ಅಯ್ಯೋ ಪಾಪ. ಹೆಚ್ಚೆಂದರೆ ಗುಡಿಯ ಕಟ್ಟೆಯ ಮೇಲೆ ಕುಳಿತು ತತ್ವಪದ ಹೇಳಿ ನಾಲ್ಕು ಕಾಳು ಸಂಪಾದಿಸಬಹುದಾಗಿತ್ತು. ಕಾಡಶೆಟ್ಟಿಹಳ್ಳಿಯ ಅಣ್ಣತಮ್ಮಂದಿರ ಬದುಕೂ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲದಂತೆ ಮಾಡಿದವರು ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು.

ಕುಮಾರ ಸ್ವಾಮಿಗಳು 1867ರಲ್ಲಿ ಹುಟ್ಟಿದವರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನೂ ಕಟ್ಟಿದ ಕಾರ್ಯಕರ್ತ ಸನ್ಯಾಸಿ. ಮಠದ ಆದಾಯ ಸಮಾಜದ ಕೆಲಸಕ್ಕೆ ಹೋಗಬೇಕು, ಮಠಾಧಿಪತಿಯಾಗುವವನು ಮೊದಲು ಓದಬೇಕು ಎಂಬುದು ಅವರ ಹಟ. ಈ ಹುಡುಗರ ಹಾಡು ಕೇಳಿದಾಗ ಅವರು ಕಂಡದ್ದು ಎರಡು ತರಬೇತಾಗದ ಕಂಠ. ದಾನ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಹುಡುಗರನ್ನೇ ತಮ್ಮ ಕಡೆಗೆ ಕರೆದುಕೊಂಡರು, ಸಂಗೀತಕ್ಕೆ ಹಚ್ಚಿದರು. ಅಣ್ಣ ಬಹಳ ದಿನ ಉಳಿಯಲಿಲ್ಲ. ತಮ್ಮನ ಮೇಲೆ ಸ್ವಾಮಿಗಳು ಎಲ್ಲ ಭರವಸೆ ಇಟ್ಟರು.

ಇಲ್ಲಿಂದ ಮುಂದಿನ ಶಿಕ್ಷಣವನ್ನು ಗಮನಿಸಬೇಕು. ಗದಿಗೆಯ್ಯನನ್ನು ಮೈಸೂರಿಗೆ ಕಳಿಸಿ ಕರ್ನಾಟಕ ಪದ್ಧತಿಯನ್ನು ಕಲಿಸಲಾಯಿತು. ಆಮೇಲೆ ಗ್ವಾಲಿಯರ್ ಪರಂಪರೆಯ, ಮಿರಜಿನ ನೀಲಕಂಠಬುವಾ ಅವರಿಂದ ಹಿಂದುಸ್ತಾನಿಯ ತಾಲೀಮು ಸಿಕ್ಕಿತು. ಮುಂದೆ ಮಲ್ಲಿಕಾರ್ಜುನ ಮನಸೂರರಿಗೆ ಬುನಾದಿ ಹಾಕಿದವರೂ ಇದೇ ನೀಲಕಂಠಬುವಾ. ಎರಡೂ ಪದ್ಧತಿಗಳನ್ನು ಪೂರ್ತಿ ಕಲಿತದ್ದರಿಂದಲೇ ಪಂಚಾಕ್ಷರಿ ಗವಾಯಿಗಳಿಗೆ ಉಭಯ ಗಾಯನ ವಿಶಾರದ ಎಂಬ ಬಿರುದು ಅಂಟಿಕೊಂಡಿತು.

ಉತ್ತರ ಕರ್ನಾಟಕಕ್ಕೆ ಹಿಂದುಸ್ತಾನಿ ಸಂಗೀತ ಹೇಗೆ ಬಂದು ನೆಲೆಯೂರಿತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಹಳೆಯ ಚರ್ಚೆಯೊಂದಿದೆ. ಮೈಸೂರು ದಸರೆಗೆ ಆಹ್ವಾನ ಪಡೆದು ರೈಲಿನಲ್ಲಿ ಇಳಿದು ಬರುತ್ತಿದ್ದ ಅಬ್ದುಲ್ ಕರೀಂ ಖಾನರಂಥ ಉಸ್ತಾದರು ಧಾರವಾಡ, ಹುಬ್ಬಳ್ಳಿ, ಕುಂದಗೋಳದಲ್ಲಿ ತಂಗಿ ಶಿಷ್ಯರನ್ನು ಮಾಡಿದ್ದು ಮುಖ್ಯ ಕಾರಣವೆಂದು ಒಂದು ಪಕ್ಷ. ಮರಾಠಿ ನಾಟಕ ಮಂಡಳಿಗಳು ಮತ್ತು ಮುಂಬಯಿ ಪ್ರಾಂತದ ಆಡಳಿತ ಈ ನಾಡಿನ ಕಿವಿಯನ್ನು ಮೊದಲೇ ಹದ ಮಾಡಿದ್ದವು ಎಂದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಎರಡೂ ವಾದಗಳು ಪೇಟೆಯ ಕಥೆಯನ್ನೇ ಹೇಳುತ್ತವೆ. ಸ್ಟೇಷನ್ನಿಲ್ಲದ, ದರಬಾರಿಲ್ಲದ, ಥೇಟರಿಲ್ಲದ ಹಳ್ಳಿಗಳಿಗೆ ಖಯಾಲ್ ಹೇಗೆ ಹೋಯಿತು? ಅದಕ್ಕೆ ಉತ್ತರ ಹುಡುಕಿದರೆ ಗವಾಯಿಗಳ ಚಕ್ಕಡಿಯ ಜಾಡು ಸಿಗುತ್ತದೆ.

ಕಲಿತು ಬಂದ ಗವಾಯಿಗಳ ಮುಂದೆ ದಾರಿಗಳಿದ್ದವು. ಸಂಸ್ಥಾನಗಳ ಆಶ್ರಯ ಇನ್ನೂ ಪೂರ್ತಿ ಬತ್ತಿರಲಿಲ್ಲ, ನಾಟಕ ಕಂಪನಿಗಳು ಒಳ್ಳೆಯ ಹಾಡುಗಾರರಿಗೆ ಕೈತುಂಬ ಕೊಡುತ್ತಿದ್ದವು, ಗ್ರಾಮಫೋನ್ ಕಂಪನಿಗಳು ಬಂದಿದ್ದವು. ಅವರು ಹಿಡಿದದ್ದು ಬೇರೆ ದಾರಿ. ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಹುಡುಗರನ್ನು ಕೂಡಿಸಿಕೊಂಡು ಸಂಚಾರಿ ಸಂಗೀತ ಶಾಲೆ ನಡೆಸತೊಡಗಿದರು. ಶಾಲೆಗೆ ಊರಿಲ್ಲ, ಕಟ್ಟಡವಿಲ್ಲ. ಒಂದೂರಿನ ಮಠದಲ್ಲೋ ಗುಡಿಯಲ್ಲೋ ಇಳಿಯುವುದು, ಭಕ್ತರು ಕೊಟ್ಟ ಜೋಳ, ಬೇಳೆಯಲ್ಲಿ ಅಡಿಗೆ, ಹಗಲು ಪಾಠ, ಸಂಜೆ ಪುರಾಣ, ಕೀರ್ತನ, ಗಾಯನ. ಕಾಳುಕಡಿ ತೀರುವ ಹೊತ್ತಿಗೆ ಮುಂದಿನ ಊರು. ಗುರು ಕಾಣದವನು, ಶಿಷ್ಯರಲ್ಲಿ ಬಹುಪಾಲು ಕಾಣದವರು. ಬರೆದುಕೊಳ್ಳುವ ಮಾತೇ ಇಲ್ಲ: ನಮ್ಮ ಭಾಷೆಗಳಿಗೆ ಒಪ್ಪಿತವಾದ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ, ಗವಾಯಿಗಳು ತೀರಿಕೊಂಡು ಏಳು ವರ್ಷಕ್ಕೆ. ಎಲ್ಲವೂ ಕಿವಿಯಿಂದ ಕೊರಳಿಗೆ, ಕೈಯಿಂದ ಕೈಗೆ.

ಇಂಥ ಪಾಠ ಹೇಗಿರುತ್ತದೆ ಎಂಬುದನ್ನು ಕಣ್ಣಿರುವವರು ಊಹಿಸಿಕೊಳ್ಳುವುದು ಕಷ್ಟ. ತಬಲಾ ಕಲಿಯುವ ಹುಡುಗನಿಗೆ ಬಾಯಲ್ಲಿ ಹೇಳಿದರೆ ಸಾಲದು. ಬೆರಳು ಹಿಡಿದು ಮೊದಲು ಅಂಚಿನ ಮೇಲೆ, ಆಮೇಲೆ ಮೈದಾನದ ಮೇಲೆ, ಆಮೇಲೆ ನಡುವಿನ ಕರಿ ಶಾಯಿಯ ಮೇಲೆ ಇಡಿಸಬೇಕು. ಚರ್ಮದ ನುಣುಪಿಗೂ ಶಾಯಿಯ ಒರಟಿಗೂ ಇರುವ ವ್ಯತ್ಯಾಸ ಬೆರಳ ತುದಿಗೆ ತಿಳಿದ ಮೇಲೆಯೇ ಬೋಲು. ತಂಬೂರಿಯ ಷಡ್ಜಕ್ಕೆ ದನಿ ಹೊಂದಿತೋ ಇಲ್ಲವೋ ಎಂಬುದನ್ನು ಗುರು ಮುಖ ನೋಡಿ ಹೇಳುವಂತಿಲ್ಲ, ಶಿಷ್ಯ ಗುರುವಿನ ಕೈಸನ್ನೆ ನೋಡಿ ತಿದ್ದಿಕೊಳ್ಳುವಂತಿಲ್ಲ. ತಪ್ಪಿದರೆ ತಪ್ಪಿದ ಕಡೆಯೇ ನಿಲ್ಲಿಸಿ ಮತ್ತೆ ಹಾಡಿ ತೋರಿಸಬೇಕು. ಒಂದು ಚೀಜು ಕಂಠಪಾಠವಾಗುವವರೆಗೆ ಎರಡನೆಯದಿಲ್ಲ. ಈ ಶಾಲೆಯಿಂದ ಬಂದವರ ಸ್ಮರಣಶಕ್ತಿಯನ್ನು ಜನ ಇಂದಿಗೂ ಬೆರಗಿನಿಂದ ಹೇಳುತ್ತಾರೆ. ಅದರ ಹಿಂದೆ ಇದ್ದದ್ದು ದಿನಗಟ್ಟಲೆ ಒಂದೇ ಸಾಲನ್ನು ಹಾಡಿಸುವ ಈ ಶಿಸ್ತು.

ಹೊಟ್ಟೆಯ ಪ್ರಶ್ನೆ ಮಾತ್ರ ಬಿಡಲಿಲ್ಲ. 1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಗವಾಯಿಗಳು ಬೆನ್ನೆಲುಬನ್ನೇ ಕಳೆದುಕೊಂಡರು. ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೂ ಕಟ್ಟಿ ನಡೆಸಿದರು. ಅಂಧರೇ ಪೇಟಿ, ತಬಲಾ, ಪಿಟೀಲು ನುಡಿಸುವ, ಶರಣರ ಚರಿತ್ರೆಯನ್ನು ಆಡುವ ಕಂಪನಿ. ನಾಟಕದವರನ್ನು ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ ಕಾವಿ ತೊಟ್ಟವರೊಬ್ಬರು ಪರದೆ ಕಟ್ಟಿಸಿದ್ದು ಸಣ್ಣ ಧೈರ್ಯವಲ್ಲ. ಈ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟವರು ಶಿಷ್ಯ ಪುಟ್ಟರಾಜ ಗವಾಯಿಗಳು. ಹಾವೇರಿಯ ಬಳಿಯ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿ, ಎಳವೆಯಲ್ಲೇ ಕಣ್ಣು ಕಳೆದುಕೊಂಡು, ಸೋದರಮಾವನ ಕೈಹಿಡಿದು ಈ ಶಾಲೆಗೆ ಬಂದವರು.

ಅತ್ತ ಮಿಚಿಯೊನ ಕಥೆ ಬೇರೆಯೇ ಹಾದಿ ಹಿಡಿದಿತ್ತು. ಎಂಟು ವರ್ಷಕ್ಕೆ ಕೋಬೆಯಲ್ಲಿ ಕೋತೊ ಕಲಿಯಲು ಕುಳಿತ ಹುಡುಗ ಹದಿಮೂರಕ್ಕೆ ಸಮುದ್ರ ದಾಟಿ ಕೊರಿಯಾದ ಇಂಚಿಯಾನ್ ಊರಿಗೆ ಹೋಗಬೇಕಾಯಿತು. ದುಡಿಯಲು ಹೋಗಿದ್ದ ತಂದೆ ಅಲ್ಲಿ ದರೋಡೆಕೋರರಿಂದ ಗಾಯಗೊಂಡು ಮಲಗಿದ್ದ. ಮನೆಯ ಭಾರ ಹೊರಲು ಮಿಚಿಯೊ ಅಲ್ಲಿನ ಜಪಾನಿ ಮನೆಗಳಲ್ಲಿ ಪಾಠ ಹೇಳಿದ. ಒಂದು ದಿನ ಅವನ ತಮ್ಮ ಶಾಲೆಯ ಪುಸ್ತಕದಿಂದ ಪದ್ಯಗಳನ್ನು ಗಟ್ಟಿಯಾಗಿ ಓದುತ್ತಿದ್ದ: ಮಂಜು, ಮೋಡ, ಮಳೆ, ಹಿಮ, ಆಲಿಕಲ್ಲು, ಇಬ್ಬನಿ, ಹೀಗೆ ನೀರು ತಾಳುವ ರೂಪಗಳ ಮೇಲಿನ ಪದ್ಯಗಳು. ಇವುಗಳಲ್ಲಿ ಹೆಚ್ಚಿನವನ್ನು ಕಣ್ಣಿಂದ ನೋಡುವ ಕಾಲ ಅವನ ಪಾಲಿಗೆ ಮುಗಿದಿತ್ತು. ಕೇಳಿದ್ದನ್ನೇ ಹಿಡಿದು 1909ರಲ್ಲಿ, ಇನ್ನೂ ಹದಿನಾಲ್ಕು ಹದಿನೈದರ ಪ್ರಾಯದಲ್ಲಿ, ತನ್ನ ಮೊದಲ ಕೃತಿಯನ್ನು ಕಟ್ಟಿದ. ಕೊರಿಯಾದಲ್ಲಿ ಜಪಾನಿನ ಮೇಲಧಿಕಾರಿಯಾಗಿದ್ದ ಇತೊ ಹಿರೊಬುಮಿ ಅದನ್ನು ಕೇಳಿ ಮೆಚ್ಚಿ ಸಹಾಯದ ಮಾತು ಕೊಟ್ಟ. ಅದೇ ಅಕ್ಟೋಬರಿನಲ್ಲಿ ಹಾರ್ಬಿನ್ ಸ್ಟೇಷನ್ನಿನಲ್ಲಿ ಗುಂಡೇಟಿಗೆ ಬಲಿಯಾದ. ಕುಮಾರ ಸ್ವಾಮಿಗಳಂಥ ಒಬ್ಬರು ಮಿಚಿಯೊಗೆ ಸಿಗಬಹುದಾಗಿದ್ದ ಗಳಿಗೆ ಅಲ್ಲಿಗೆ ಮುಗಿಯಿತು.

1917ರಲ್ಲಿ ತೋಕಿಯೊ ಸೇರಿದ ಮಿಯಾಗಿ ಎರಡು ವರ್ಷಕ್ಕೆ ಸ್ವಂತ ಕೃತಿಗಳದೇ ಕಛೇರಿ ಮಾಡಿದರು. ಅಲ್ಲಿಂದ ಅವರ ಆಶ್ರಯದಾತ ಎಂದರೆ ಹೊಸ ಪಟ್ಟಣವೇ: ಸಭಾಂಗಣ, ರೆಕಾರ್ಡು, ರೇಡಿಯೊ. ಕೋತೊ ಎಂದರೆ ಪೌಲೋನಿಯಾ ಮರದ ಉದ್ದನೆಯ ಹೊಟ್ಟೆಯ ಮೇಲೆ ಹದಿಮೂರು ರೇಷ್ಮೆ ತಂತಿ. ಪ್ರತಿ ತಂತಿಯ ಕೆಳಗೂ ಸರಿಸಬಹುದಾದ ಒಂದೊಂದು ಕುದುರೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಉಗುರಿನಂಥ ಮೀಟುಗೋಲು. ಪಾಶ್ಚಾತ್ಯ ವಾದ್ಯವೃಂದದ ಮುಂದೆ ಇದರ ದನಿ ಕೆಳಗಿನ ಸ್ತರದಲ್ಲಿ ತೆಳುವಾಗುತ್ತದೆ ಎಂದು ಕಂಡ ಮಿಯಾಗಿ 1921ರಲ್ಲಿ ಹದಿನೇಳು ತಂತಿಯ ಮಂದ್ರ ಕೋತೊ ಮಾಡಿಸಿದರು. ಅದು ಇಂದಿಗೂ ನುಡಿಯುತ್ತಿದೆ. 1929ರಲ್ಲಿ ಎಂಬತ್ತು ತಂತಿಯದನ್ನೂ ಮಾಡಿಸಿದರು. ಅದು ಬಳಕೆಗೆ ಬರಲಿಲ್ಲ, 1945ರ ಬಾಂಬಿನ ಬೆಂಕಿಯಲ್ಲಿ ಸುಟ್ಟುಹೋಯಿತು. ಅದೇ 1929ರಲ್ಲಿ ಕೋತೊ ಮತ್ತು ಶಾಕುಹಾಚಿ ಕೊಳಲಿಗೆಂದು ಬರೆದ ‘ಹಾರು ನೊ ಉಮಿ’, ಅಂದರೆ ವಸಂತದ ಕಡಲು, ಅವರನ್ನು ಲೋಕಕ್ಕೆ ಪರಿಚಯಿಸಿತು. ಫ್ರೆಂಚ್ ಪಿಟೀಲುಗಾರ್ತಿ ರೆನೆ ಶೆಮೆ 1932ರಲ್ಲಿ ಅದನ್ನು ಅವರ ಜೊತೆ ನುಡಿಸಿ ರೆಕಾರ್ಡು ಮಾಡಿದಳು. ಹೊಸ ವರ್ಷದ ದಿನ ಜಪಾನಿನ ಅಂಗಡಿಮುಂಗಟ್ಟುಗಳಲ್ಲಿ ಕೇಳುವುದು ಇಂದಿಗೂ ಆ ರಾಗವೇ. ಇದು ಪರಂಪರೆಯ ಬೆಳವಣಿಗೆಯೋ ಪಶ್ಚಿಮದ ಜೊತೆಗಿನ ರಾಜಿಯೋ ಎಂದು ಅಲ್ಲಿನ ವಿಮರ್ಶಕರು ಅಂದಿನಿಂದ ಜಗಳಾಡುತ್ತಿದ್ದಾರೆ. ತನ್ನ ವಾದ್ಯ ಮ್ಯೂಜಿಯಮ್ಮಿನ ಗಾಜಿನ ಪೆಟ್ಟಿಗೆ ಸೇರದಂತೆ ನೋಡಿಕೊಂಡವನ ಮೇಲೆ ರಾಜಿಯ ಆರೋಪ ನಿಲ್ಲುವುದಿಲ್ಲ ಎಂದೇ ನನಗನ್ನಿಸುತ್ತದೆ.

ಇಲ್ಲಿ ಒಂದು ಅಂತರ ಎದ್ದು ಕಾಣುತ್ತದೆ. ಜಪಾನಿಗೆ ಅಂಧರಿಗಾಗಿ ತನ್ನದೇ ಬ್ರೈಲ್ ಲಿಪಿ 1890ರಲ್ಲೇ ಸಿದ್ಧವಾಗಿತ್ತು. ಮಿಯಾಗಿ ಅದರಲ್ಲೇ ಸ್ವರಲಿಪಿ ಬರೆದರು. ತೋಕಿಯೊ ಸಂಗೀತ ಶಾಲೆ 1930ರಲ್ಲಿ ಅವರನ್ನು ಅಧ್ಯಾಪಕರನ್ನಾಗಿ ತೆಗೆದುಕೊಂಡಿತು. ಹಳೆಯ ಸಂಘ ಮುರಿದರೂ ಅದರ ಜಾಗಕ್ಕೆ ಹೊಸ ರಾಷ್ಟ್ರದ ಸಂಸ್ಥೆಗಳು ಬಂದಿದ್ದವು. ಆದ್ದರಿಂದ ಮಿಯಾಗಿಗೆ ಸಂಸ್ಥೆ ಕಟ್ಟುವ ಹೊರೆ ಇರಲಿಲ್ಲ, ಕೃತಿ ಕಟ್ಟಲು ಸಮಯವಿತ್ತು. ನಾನೂರಕ್ಕೂ ಹೆಚ್ಚು ಕೃತಿಗಳನ್ನು ಬಿಟ್ಟುಹೋದರು. ಗವಾಯಿಗಳಿಗೆ ಇದ್ದದ್ದು ಜೋಳಿಗೆ. ಅವರು ಕೃತಿಗೆ ಬದಲು ಮನುಷ್ಯರನ್ನು ಕಟ್ಟಿದರು.

ಆ ಮನುಷ್ಯರಲ್ಲಿ ಒಬ್ಬರು ಬಸವರಾಜ ರಾಜಗುರು. ಕುಂದಗೋಳದ ಸೀಮೆಯ ಯಲಿವಾಳದವರು, ತಂದೆ ಸಂಗೀತಗಾರರು. ಹದಿಮೂರರಲ್ಲಿ ತಂದೆಯನ್ನು ಕಳೆದುಕೊಂಡ ಈ ಹುಡುಗನನ್ನು ಗವಾಯಿಗಳು ತಮ್ಮ ಬಳಿ ಇಟ್ಟುಕೊಂಡರು. ಹುಡುಗನಿಗೆ ಕಣ್ಣು ಚೆನ್ನಾಗಿಯೇ ಇತ್ತು; ಇಲ್ಲದಿದ್ದದ್ದು ಆಸರೆ. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆದಾಗ ರಾಜಗುರು ಮೊದಲ ದೊಡ್ಡ ಕಛೇರಿಗೆ ಕುಳಿತರು. ತಬಲಾ ಹಿಡಿದು ಪಕ್ಕದಲ್ಲಿ ಕುಳಿತವರು ಸ್ವತಃ ಪಂಚಾಕ್ಷರಿ ಗವಾಯಿಗಳು. ಶಿಷ್ಯ ನಡುವೆ, ಗುರು ಬದಿಗೆ. ಸಂಗೀತಗಾರರ ಲೋಕದಲ್ಲಿ ಸಾಥಿಗೆ ಕೂರುವವನ ಜಾಗ ಕೆಳಗಿನದೆಂದು ಎಣಿಸುತ್ತಿದ್ದ ಕಾಲವದು. ನಾಡೆಲ್ಲ ನೆರೆದ ಸಭೆಯಲ್ಲಿ ಹುಡುಗನ ಲಯ ತಪ್ಪದಂತೆ ಠೇಕಾ ಹಿಡಿದು ಕೂತ ಆ ಗುರುವಿನ ನಡತೆಯೇ ಅವರ ಶಾಲೆಯ ಬಗ್ಗೆ ಎಲ್ಲವನ್ನೂ ಹೇಳುತ್ತದೆ. ರಾಜಗುರು ಮುಂದೆ ಹಲವು ಉಸ್ತಾದರ ಬಳಿ ಕಲಿತು ಎಲ್ಲ ಘರಾಣೆಗಳ ಸಾರ ಹೀರಿದರು; ವಚನ, ನಾಟ್ಯಗೀತೆ, ಠುಮರಿ ಎಲ್ಲವನ್ನೂ ಹಾಡಿದರು. ಒಂದೇ ಘರಾಣೆಗೆ ಅಂಟಿಕೊಳ್ಳದ ಆ ಬಿಚ್ಚುಮನಸ್ಸಿಗೆ ಎರಡು ಪದ್ಧತಿ ಕಲಿತ ಮೊದಲ ಗುರುವೇ ಮೂಲ ಎಂದು ನಾನು ತಿಳಿದಿದ್ದೇನೆ.

ಸುತ್ತಾಟ ಕೊನೆಗೂ ಗದಗಿನಲ್ಲಿ ನಿಂತಿತು. 1940ರ ದಶಕದ ಮೊದಲ ವರ್ಷಗಳಲ್ಲಿ, ಬಸರಿಗಿಡದ ವೀರಪ್ಪನವರ ದಾನದ ನೆರವಿನಿಂದ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. ಅನ್ನ, ವಸತಿ, ವಿದ್ಯೆ ಮೂರೂ ಪುಕ್ಕಟೆ, ಜಾತಿ ಕೇಳುವಂತಿಲ್ಲ. ಯುದ್ಧದ ತುಟ್ಟಿಯ ದಿನಗಳವು, ಕಾಳಿಗೆ ಪರದಾಟ. ಶಾಲೆಗೆ ಸೂರು ಸಿಕ್ಕಿತೆಂಬ ನೆಮ್ಮದಿ ಗವಾಯಿಗಳಿಗೆ ಬಹಳ ದಿನ ದಕ್ಕಲಿಲ್ಲ. 1944ರ ಜೂನ್ 11ರಂದು, ಐವತ್ತೆರಡರ ವಯಸ್ಸಿನಲ್ಲಿ ತೀರಿಕೊಂಡರು.

ಒಬ್ಬ ವ್ಯಕ್ತಿಯ ಸುತ್ತ ಬೆಳೆದ ಸಂಸ್ಥೆಗಳು ಆ ವ್ಯಕ್ತಿಯ ಜೊತೆಗೇ ಮುಗಿಯುವುದು ನಮ್ಮಲ್ಲಿ ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ಮೂವತ್ತರ ಪುಟ್ಟರಾಜರು ಹೊಣೆ ಹೊತ್ತರು, ಅರವತ್ತಾರು ವರ್ಷ ಹೊತ್ತೇ ಇದ್ದರು. ಹತ್ತಾರು ವಾದ್ಯ ನುಡಿಸುತ್ತಿದ್ದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು. ಗುರುವಿಗೆ ಸಿಗದಿದ್ದ ಬ್ರೈಲನ್ನು ಆಶ್ರಮಕ್ಕೆ ತಂದರು. ಆಶ್ರಮದ ಖರ್ಚಿಗೆ ಅವರು ಹಿಡಿದ ದಾರಿ ತುಲಾಭಾರ. ಊರಿನವರು ತಕ್ಕಡಿಯ ಒಂದು ಕಡೆ ಪುಟ್ಟರಾಜರನ್ನು ಕೂರಿಸಿ ಇನ್ನೊಂದು ಕಡೆ ನಾಣ್ಯ, ದವಸ ಹಾಕುವುದು, ಅಷ್ಟೂ ಮಕ್ಕಳ ದಾಸೋಹಕ್ಕೆ ಹೋಗುವುದು. ಎಷ್ಟು ಊರಲ್ಲಿ ಎಷ್ಟು ಸಲ ಅವರು ತಕ್ಕಡಿಯಲ್ಲಿ ಕುಳಿತರೋ ಲೆಕ್ಕವಿಟ್ಟವರಿಗೂ ದಣಿವಾಗಿರಬೇಕು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಹೋದರು. ದರ್ಶನಕ್ಕೆ ಜನ ಗದಗಿನಲ್ಲಿ ಹಿಡಿಸಲಿಲ್ಲ.

ಮಿಯಾಗಿಯ ಕೊನೆ ದಾರುಣ. 1956ರ ಜೂನ್ 25ರ ನಸುಕಿನಲ್ಲಿ, ಕಛೇರಿಗೆಂದು ಹೊರಟ ರಾತ್ರಿಯ ರೈಲಿನಿಂದ ಕಾರಿಯಾ ಸ್ಟೇಷನ್ನಿನ ಬಳಿ ಕೆಳಗೆ ಬಿದ್ದು ತೀರಿಕೊಂಡರು. ಅವರು ಬಾಳಿದ ಜಾಗದಲ್ಲಿ 1978ರಲ್ಲಿ ತೋಕಿಯೊದಲ್ಲಿ ಸ್ಮಾರಕ ಭವನ ಎದ್ದಿತು. ವಾದ್ಯಗಳು, ಬ್ರೈಲ್ ಹಾಳೆಗಳು, ರೆಕಾರ್ಡುಗಳು ಅಲ್ಲಿ ಜೋಪಾನವಾಗಿವೆ. ಗವಾಯಿಗಳನ್ನು ಹೊಸ ತಲೆಮಾರಿಗೆ ತಲುಪಿಸಿದ್ದು ಒಂದು ಸಿನೆಮಾ. 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ಹಂಸಲೇಖರಿಗೆ ಸಂಗೀತಕ್ಕೂ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ಬಂದವು. ಬಯಲುಸೀಮೆಯ ಟೆಂಟುಗಳಲ್ಲಿ ಜನ ಅದನ್ನು ಕಣ್ಣೊರೆಸಿಕೊಳ್ಳುತ್ತ ನೋಡಿದರು. ಆದರೆ ಸಿನೆಮಾಕ್ಕೆ ಬೇಕಾದದ್ದು ತ್ಯಾಗ, ಭಕ್ತಿ. ಚಕ್ಕಡಿಯ ಶಾಲೆಯ ದಿನಚರಿ, ಯಾವ ಚೀಜುಗಳನ್ನು ಯಾವ ಕ್ರಮದಲ್ಲಿ ಕಲಿಸುತ್ತಿದ್ದರು, ಎರಡು ಪದ್ಧತಿಗಳನ್ನು ಒಬ್ಬ ಹುಡುಗನಲ್ಲಿ ಹೇಗೆ ಕೂಡಿಸುತ್ತಿದ್ದರು ಎಂಬ ವಿವರಗಳು ಹಿರಿಯ ಶಿಷ್ಯರ ನೆನಪಿನಲ್ಲಿವೆ. ಆ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವನ್ನು ಧ್ವನಿಮುದ್ರಿಸಿ ಕ್ರಮವಾಗಿ ಬರೆದಿಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ತುರ್ತಾಗಿ ಮಾಡಬೇಕು.

ಆಶ್ರಮದ ಬಾಗಿಲು ಇಂದಿಗೂ ಮುಚ್ಚಿಲ್ಲ. ಬಳ್ಳಾರಿಯ ಸೀಮೆಯ ಲಕ್ಷ್ಮೀಪುರದಲ್ಲಿ 1953ರಲ್ಲಿ ಹುಟ್ಟಿದ ವೆಂಕಟೇಶಕುಮಾರರನ್ನು ಅವರ ಸೋದರಮಾವ, ತೊಗಲುಗೊಂಬೆಯಾಟದ ಬೆಳಗಲ್ಲು ವೀರಣ್ಣನವರು, 1968ರಲ್ಲಿ ಪುಟ್ಟರಾಜರ ಬಳಿ ತಂದು ಬಿಟ್ಟರು. ಹನ್ನೆರಡು ವರ್ಷ ಅಲ್ಲಿನ ಅನ್ನ ಉಂಡು ಅಲ್ಲಿನ ಪಾಠ ಕಲಿತರು. ಆಮೇಲೆ ಧಾರವಾಡದ ಸಂಗೀತ ಕಾಲೇಜಿನಲ್ಲಿ ಮೂರು ದಶಕ ಪಾಠ ಹೇಳಿದರು. 2016ರಲ್ಲಿ ಪದ್ಮಶ್ರೀ ಬಂತು. ಪುಣೆ, ಕೋಲ್ಕತ್ತದ ರಸಿಕರು ಇಂದು ಅವರ ಖಯಾಲ್ ಕೇಳಲು ರಾತ್ರಿಯಿಡೀ ಕೂರುತ್ತಾರೆ. ಕಛೇರಿಯ ಕಡೆಗೆ ಅವರು ವಚನವನ್ನೋ ದಾಸರ ಪದವನ್ನೋ ಎತ್ತಿಕೊಂಡಾಗ ಕನ್ನಡ ಬಾರದವರೂ ತಲೆದೂಗುತ್ತಾರೆ. ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದವರ ಶಿಷ್ಯನ ಶಿಷ್ಯ ಅವರು.